ಅಪ್ಪನ ಎಲೆಗೆ ಏನು ಬಡಿಸುವುದು

ಬಣಕಲ್
2 ಆಗಸ್ಟ್ 2024

ಸಿದ್ದಬಸಪ್ಪ ದೊಡ್ಡಪ್ಪನವರಿಗೆ ನಮಸ್ಕಾರ.

ನಾನು ಮೇಘಶ್ರೀ. ನಿಮ್ಮ ಜೊತೆ ಮಿಲಿಟರಿಯಲ್ಲಿ ತೋಪಿನ ದಳದಲ್ಲಿದ್ದ ಗೋಣಿಬೀಡಿನ ತಿಮ್ಮಪ್ಪನವರ ಮಗಳು. ಕಳೆದ ವರ್ಷ ಜುಲೈನಲ್ಲಿ ಅಪ್ಪ ತೀರಿಕೊಂಡಾಗ ನನ್ನ ತಮ್ಮ ನಂದನ್ ನಿಮ್ಮ ಮನೆಗೆ ಸುದ್ದಿ ಮುಟ್ಟಿಸಿದ್ದ. ಮೊನ್ನೆ ನಾನೂ ಫೋನ್ ಮಾಡಿದ್ದೆ. ನಿಮ್ಮ ಮಗ ಎತ್ತಿ, "ಅಪ್ಪಗ ಕಿವಿ ಪೂರಾ ಹೋಗ್ಯಾವ್ರೀ, ನೀವು ಪತ್ರಾನ ಬರೀರಿ, ಎರಡ್ ಸಲ ಓದತಾರ" ಅಂದರು. ಸ್ಕೂಲು ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದ್ದರೆ ಬೈಯಬೇಡಿ.

ನಾವೆಲ್ಲ ಇದ್ದೇವೆ, ಮಳೆ ನಮಗಿಂತ ಜೋರಾಗಿದೆ. ಗೋಣಿಬೀಡಿನ ತೋಟದಲ್ಲಿ ಕಾಫಿ ಕಾಯಿ ಉದುರುತ್ತಿದೆ ಅಂತ ನಂದನ್ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ಇಲ್ಲಿ ಬಸ್ ನಿಲ್ದಾಣದ ಎದುರು ನನ್ನದೊಂದು ಹೊಲಿಗೆ ಅಂಗಡಿ ಇದೆ. ಕರೆಂಟಿಲ್ಲದೆ ಮಿಷನ್ನನ್ನು ಕಾಲಲ್ಲೇ ತುಳಿಯುತ್ತಿದ್ದೇನೆ.

ಬರೆದ ಕಾರಣ ಇದು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರು ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೇ ಮಾಡಿ, ಬಾಳೆಲೆಗೆ ಬಡಿಸಿ, ಬಾಗಿಲು ಮುಚ್ಚಿಕೊಂಡು ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋದ ಮೇಲೆ ನಮ್ಮ ಊಟ. ಅಜ್ಜನಿಗಾದರೆ ಒಣಮೀನು, ಒಂದು ಕಟ್ಟು ಬೀಡಿ. ಅಜ್ಜಿಗೆ ಹಲಸಿನ ಹಪ್ಪಳ, ಎಲೆಯಡಿಕೆ. ಇಷ್ಟದ್ದು ಇಲ್ಲದಿದ್ದರೆ ಎಲೆ ಮುಟ್ಟದೆ ಎದ್ದು ಹೋಗುತ್ತಾರೆ ಅನ್ನುತ್ತಾರೆ. ಅಪ್ಪನ ವರ್ಷದ ಕಾರ್ಯ ಮುಗಿಯಿತು. ಈ ಸಲ ಅವರಿಗೆ ಮೊದಲನೇ ಎಡೆ.

ರಮ್ಮಿನ ವಿಷಯ ಕೇಳುತ್ತಿಲ್ಲ, ಅದು ಊರಿಗೇ ಗೊತ್ತು. ಜ್ವರ ಬಂದರೂ ಸರಿ, ತಿಂಗಳಿಗೊಮ್ಮೆ ಬಸ್ಸು ಹತ್ತಿ ಮಿಲಿಟರಿ ಕ್ಯಾಂಟೀನಿಗೆ ಹೋಗಿ ತಮ್ಮ ಪಾಲಿನ ಬಾಟಲಿ ತರದಿದ್ದರೆ ಅಪ್ಪನಿಗೆ ಸಮಾಧಾನವಿರಲಿಲ್ಲ. ತೊಂದರೆ ಇರುವುದು ಊಟದ್ದು. ನಂದನ್ ಕುರಿಮಾಂಸ ಅನ್ನುತ್ತಾನೆ, ಅವನಿಗೆ ಅದು ಇಷ್ಟ. ಅವನ ಹೆಂಡತಿ ಅಕ್ಕಿರೊಟ್ಟಿ ಎಣ್ಣೆಗಾಯಿ ಅನ್ನುತ್ತಾಳೆ, ಅವಳಿಗೆ ಬರುವುದು ಅದು. ಅಮ್ಮ ಏನೂ ಹೇಳುವುದಿಲ್ಲ. ಅರ್ಧ ಆಯುಸ್ಸಿನ ಊಟವನ್ನು ಅಪ್ಪ ನಿಮ್ಮ ಪಕ್ಕದಲ್ಲಿ ಕೂತು ಉಂಡವರು. ಏನು ಇಷ್ಟವಿತ್ತು ಅಂತ ಒಂದು ಗೆರೆ ಬರೆದರೆ ಸಾಕು, ನಮ್ಮ ಜಗಳ ಮುಗಿಯುತ್ತದೆ.

ಇಂತಿ,
ಮೇಘಶ್ರೀ ದಿಲೀಪ್


ಬೈಲಹೊಂಗಲ
13 ಆಗಸ್ಟ್ 2024

ತಂಗೀ ಮೇಘಶ್ರೀ, ಸಿದ್ದಬಸಪ್ಪನ ಆಶೀರ್ವಾದಗಳು.

ನನ್ನ ಮಗ ಸುಳ್ಳು ಹೇಳಿದ್ದಾನೆ. ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನನ್ನ ಎರಡೂ ಕಿವಿಗಳನ್ನು ಸರಕಾರದ ತೋಪಿಗೆ ಕೊಟ್ಟು ಬಂದಿದ್ದೇನೆ. ಮನೆಯವರೆಲ್ಲ ನನ್ನ ಎದುರಿಗೇ ನನ್ನನ್ನು ಬೈಯುತ್ತಾರೆ, ನಾನು ನಗುತ್ತ ಕೂತಿರುತ್ತೇನೆ. ಕಾಗದ ಬಂದರೆ ಮಾತ್ರ ಯಾರೋ ನನ್ನೊಡನೆ ಮಾತಾಡಿದಂತಾಗುತ್ತದೆ.

ನಿಮ್ಮಪ್ಪನಿಗೆ ಏನು ಇಷ್ಟ ಎಂದು ನನ್ನನ್ನು ಕೇಳಿದ್ದು ಒಳ್ಳೆಯದಾಯಿತು. ನಗಬೇಡ, ನಾವೆಲ್ಲ ಅವನನ್ನು ಕರೆಯುತ್ತಿದ್ದುದು ಹೊಟ್ಟೆಬಾಕ ತಿಮ್ಮ ಎಂದು. ಆ ಹೆಸರಿಟ್ಟವನು ನಾನೇ. ನಾವು ಲಡಾಖಿನ ಕಡೆ ಹಿಮದ ಪೋಸ್ಟಿನಲ್ಲಿದ್ದಾಗ ಹೆಲಿಕಾಪ್ಟರಿನಲ್ಲಿ ಚಾಕೊಲೇಟು, ಒಣದ್ರಾಕ್ಷಿ, ಗೋಡಂಬಿ ಬರುತ್ತಿತ್ತು. ಆ ಎತ್ತರದಲ್ಲಿ ಹಸಿವೇ ಆಗುವುದಿಲ್ಲ, ಆದರೂ ತಿನ್ನಲೇಬೇಕೆಂದು ಸಾಹೇಬರ ಆಜ್ಞೆ. ನಿಮ್ಮಪ್ಪನ ಹಸಿವು ಮಾತ್ರ ಬೇರೆ. ತನ್ನ ಪಾಲು ಸಾಲದೆ ನಮ್ಮ ಪಾಲಿಗೂ ಕೈಯೊಡ್ಡುತ್ತಿದ್ದ. ಪುಕ್ಕಟೆ ಕೇಳುವವನಲ್ಲ. ಒಂದು ಚಾಕೊಲೇಟು ಕೊಟ್ಟರೆ ನಿಮ್ಮ ಬದಲಿಗೆ ಒಂದು ಪಹರೆ ನಿಲ್ಲುತ್ತೇನೆ ಎನ್ನುತ್ತಿದ್ದ. ಉಗುಳಿದರೆ ನೆಲಕ್ಕೆ ಬೀಳುವಷ್ಟರಲ್ಲಿ ಗಟ್ಟಿಯಾಗುವ ಚಳಿಯಲ್ಲಿ ಮೂರು ಮಂದಿಯ ಪಹರೆ ಒಬ್ಬನೇ ನಿಂತಿದ್ದೂ ಉಂಟು. "ಏ ಹೊಟ್ಟೆಬಾಕ, ಸತ್ತಗಿತ್ತೀಯಲೇ" ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ. ಅವನು ಹೊಟ್ಟೆ ತಟ್ಟಿ ತೋರಿಸಿ ನಗುತ್ತಿದ್ದ.

ನನ್ನ ಹೆಂಡತಿ ಕಟ್ಟಿಕೊಡುತ್ತಿದ್ದ ಕರದಂಟಿಗೂ ಅವನದೇ ಮೊದಲ ಕೈ. ಆದ್ದರಿಂದ ಸಂಶಯ ಬೇಡ. ಸಿಹಿ ಇಡು, ಧಾರಾಳವಾಗಿ ಇಡು. ಒಂದು ಪೆಟ್ಟಿಗೆ ಕರದಂಟು ಬೇರೆ ಕಳಿಸುತ್ತಿದ್ದೇನೆ.

ರಮ್ಮಿನ ಮಾತು ನನ್ನ ಹತ್ತಿರ ಬೇಡ. ನಾನು ಲಿಂಗ ಕಟ್ಟಿದವನು, ಬಾಟಲಿಯ ಲೆಕ್ಕ ನನಗೇನು ಗೊತ್ತು?

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ಹೇಳು.

ಸಿದ್ದಬಸಪ್ಪ
ನಿವೃತ್ತ ಹವಾಲ್ದಾರ


ಬಣಕಲ್
26 ಆಗಸ್ಟ್ 2024

ದೊಡ್ಡಪ್ಪನವರಿಗೆ,

ಪತ್ರ, ಪೆಟ್ಟಿಗೆ ಎರಡೂ ಸೇರಿದವು. ಪೆಟ್ಟಿಗೆಯನ್ನು ಗೋಣಿಬೀಡಿಗೆ ಒಯ್ದು ನಂದನ್ ಎದುರಿಗೇ ಬಿಚ್ಚಿದೆ. ಅವನು ಮೂಸಿ ನೋಡಿ, "ಅಕ್ಕಾ, ಇದು ಅಪ್ಪನ ಟ್ರಂಕಿನ ವಾಸ್ನೆ ಅಲ್ವಾ?" ಅಂದ.

ಆ ಕರದಂಟು ನಮಗೆ ಬರುತ್ತಿತ್ತು ದೊಡ್ಡಪ್ಪ. ಆ ಚಾಕೊಲೇಟುಗಳೂ ಅಷ್ಟೇ. ರಜೆಗೆ ಬಂದಾಗ ಅಪ್ಪ ಕಪ್ಪು ಟ್ರಂಕು ತೆಗೆದರೆ ಉಣ್ಣೆ ಕಾಲುಚೀಲದ ತುಂಬ ಅವೇ ಇರುತ್ತಿದ್ದವು. "ನೀವು ತಿನ್ನಿ ಅಪ್ಪ" ಅಂದರೆ, "ಅಲ್ಲಿ ತಿಂದೂ ತಿಂದೂ ಸಾಕಾಗಿದೆ ಮಗಾ, ಬಾಯಿಗೇ ಸೇರಲ್ಲ" ಅನ್ನುತ್ತಿದ್ದರು. ನಾವು ನಂಬಿದೆವು. ನಂಬುವುದರಲ್ಲಿ ನಮಗೆ ಲಾಭವಿತ್ತಲ್ಲ! ಕ್ಲಾಸಿನಲ್ಲಿ ಹಂಚಿ ಜಂಬ ಹೊಡೆದಿದ್ದೇನೆ. ಒಂದು ಸಲ ಕಹಿಯಾಗಿದೆ ಅಂತ ಅರ್ಧ ಕಚ್ಚಿ ಬೇಲಿಯಾಚೆ ಎಸೆದಿದ್ದೆ. ಒಂದಕ್ಕೆ ಒಂದು ಪಹರೆ ಅಂತ ನೀವು ಬರೆದಿದ್ದೀರಿ. ನಿನ್ನೆಯಿಂದ ಆ ಬೇಲಿಯೇ ಕಣ್ಣ ಮುಂದೆ ಇದೆ.

ಈಗ ಸಿಹಿಯನ್ನೂ ಇಡುವ ಹಾಗಿಲ್ಲ. ಇಷ್ಟವಿತ್ತೋ ಇಲ್ಲವೋ ಯಾರಿಗೆ ಗೊತ್ತು? ನನಗೆ ಬಣಕಲ್ಲಿನ ಗಂಡಸರೆಲ್ಲರ ಎದೆ, ಸೊಂಟದ ಅಳತೆ ಬಾಯಿಪಾಠ ಇದೆ. ಹೆತ್ತ ಅಪ್ಪನ ನಾಲಗೆಯ ರುಚಿ ಗೊತ್ತಿಲ್ಲ ಅಂತ ಯಾರ ಹತ್ತಿರ ಹೇಳಿಕೊಳ್ಳಲಿ?

ಉಳಿದದ್ದು ರಮ್ಮು ಒಂದೇ. ಅದನ್ನಂತೂ ಕಣ್ಣಾರೆ ಕಂಡಿದ್ದೇನೆ. ನನ್ನ ಮದುವೆಯಾದ ಮೇಲೆ ಅಪ್ಪ ತಿಂಗಳಿಗೊಮ್ಮೆ ನಮ್ಮ ಮನೆಗೆ ಬಂದು ನನ್ನ ಮಾವ ಮಂಜಯ್ಯನವರ ಜೊತೆ ಜಗಲಿಯಲ್ಲಿ ಕೂರುತ್ತಿದ್ದರು. ಎದುರಿಗೆ ಎರಡು ಲೋಟ. ನನಗೆ ಅದು ಕಣ್ಣಿಗೆ ಆಗುತ್ತಿರಲಿಲ್ಲ. ಮಗಳು ಧನ್ಯಾ ಹುಟ್ಟಿದ ಹೊಸದರಲ್ಲಿ ಅಪ್ಪ ಲೋಟ ಕೆಳಗಿಟ್ಟು ಮಗುವನ್ನು ಎತ್ತಿಕೊಂಡರು. "ಕುಡಿದ ಬಾಯಲ್ಲಿ ಮಗೂನ ಎತ್ಕೋಬೇಡಿ ಅಪ್ಪ" ಅಂದೆ, ಎಲ್ಲರ ಎದುರಿಗೆ. ಅಪ್ಪ ಮಗುವನ್ನು ನನ್ನ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ನಮ್ಮ ಮನೆಗೆ ಬಂದಾಗ ಅವಳನ್ನು ಮುಟ್ಟುತ್ತಿರಲಿಲ್ಲ. ಗೋಣಿಬೀಡಿಗೆ ಕರೆದುಕೊಂಡು ಹೋದರೆ ಹೆಗಲಿನಿಂದ ಇಳಿಸುತ್ತಿರಲಿಲ್ಲ. ನಾನು ಹೇಳಿದ್ದು ಸರಿಯಾಗಿಯೇ ಇತ್ತು ಅಂತ ಈಗಲೂ ನನ್ನ ಅಭಿಪ್ರಾಯ.

ರಮ್ಮಿನ ಮಾತಿಗೆ ನೀವು ಲಿಂಗ ಅಡ್ಡ ತಂದಿರಿ. ನೀವು ಕುಡಿಯದಿದ್ದರೂ ಪಕ್ಕದವರು ಕುಡಿಯುವುದು ಕಂಡಿರುತ್ತದಲ್ಲ? ಅದೊಂದನ್ನಾದರೂ ಅವರ ಇಷ್ಟಕ್ಕೆ ಸರಿಯಾಗಿ ಇಡುತ್ತೇನೆ. ನೀರು ಹಾಕಿಯೋ, ಹಾಗೆಯೋ? ಮುಚ್ಚುಮರೆ ಬೇಡ.

ಮೇಘಶ್ರೀ


ಬೈಲಹೊಂಗಲ
9 ಸೆಪ್ಟೆಂಬರ್ 2024

ತಂಗೀ,

ಉತ್ತರ ತಡವಾಯಿತು. ಆರೋಗ್ಯ ಚೆನ್ನಾಗಿಯೇ ಇದೆ. ಬರೆಯಲು ಮನಸ್ಸು ಬರಲಿಲ್ಲ.

ಹೊಟ್ಟೆಬಾಕ ಎಂದು ನಾನು ಇಟ್ಟ ಹೆಸರು ಅವನ ಬೆನ್ನು ಬಿಡಲೇ ಇಲ್ಲ. ಬೀಳ್ಕೊಡುಗೆಯ ದಿನ ಸಾಹೇಬರೂ ಅದೇ ಹೆಸರು ಹಿಡಿದು ತಮಾಷೆ ಮಾಡಿದರು. ಮನೆಯಲ್ಲಿ ಮಕ್ಕಳಿದ್ದಾರೆ ಕಣಯ್ಯಾ ಎಂದು ಒಂದು ಮಾತು ಅಂದಿದ್ದರೆ ನಾವೆಲ್ಲ ನಮ್ಮ ಪಾಲನ್ನು ಪುಕ್ಕಟೆ ಸುರಿಯುತ್ತಿದ್ದೆವು. ಅನ್ನಲಿಲ್ಲ. ಕೇಳುವುದಕ್ಕಿಂತ ಬೈಸಿಕೊಳ್ಳುವುದು ಅವನಿಗೆ ಸುಲಭವಾಗಿತ್ತೆಂದು ಕಾಣುತ್ತದೆ. ನಾನು ಬೆಚ್ಚಗೆ ಒಳಗೆ ಮಲಗಿ, ನನ್ನ ಪಹರೆ ನಿಂತವನನ್ನು ನೋಡಿ ನಕ್ಕಿದ್ದೇನೆ. ಇದನ್ನು ನನ್ನ ಮಗನಿಗೆ ಓದಿ ತೋರಿಸಲಿಲ್ಲ, ನಾಚಿಕೆಯಾಯಿತು.

ರಮ್ಮಿನ ಬಗ್ಗೆ ಹೇಳುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ಲಿಂಗದ ನೆಪ ಹೇಳಿದೆ. ಆದರೆ ಮಗುವಿನ ವಿಷಯ ಬರೆದು, ನಾನು ಹೇಳಿದ್ದು ಸರಿ ಎಂದು ಬೇರೆ ಬರೆದಿದ್ದೀಯಲ್ಲ, ಇನ್ನು ಬಾಯಿ ಮುಚ್ಚಿಕೊಂಡಿರಲು ಆಗದು. ನಿಮ್ಮಪ್ಪ ಒಂದು ದಿನವೂ ಕುಡಿದವನಲ್ಲ. ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದ. ನನ್ನ ಮಗನ ಮದುವೆಗೆ ಬಂದಾಗ ನಾನೇ ಕೇಳಿದೆ, "ಕುಡಿಯದವನು ಕ್ಯಾಂಟೀನಿನಿಂದ ಬಾಟಲಿ ಯಾಕೆ ತರ್ತೀಯೋ?" ಎಂದು. "ಮಗಳು ಚೆನ್ನಾಗಿರ್ಲಿ ಅಂತ" ಎಂದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೆಚ್ಚಿನದನ್ನು ನಿನ್ನ ಮಾವನವರನ್ನು ಕೇಳು. ಸಿಟ್ಟಿನಲ್ಲಿ ಕೇಳಬೇಡ.

ಸಿದ್ದಬಸಪ್ಪ


ಬಣಕಲ್
17 ಸೆಪ್ಟೆಂಬರ್ 2024

ದೊಡ್ಡಪ್ಪನವರಿಗೆ,

ಸಿಟ್ಟಿನಲ್ಲೇ ಕೇಳಿದೆ. ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ.

ಮಾವ ಜಗಲಿಯಲ್ಲಿ ಕೂತು ಒಣ ಕಾಳುಮೆಣಸು ಆರಿಸುತ್ತಿದ್ದರು. ನಿಮ್ಮ ಪತ್ರವನ್ನು ಮುಂದೆ ಹಿಡಿದೆ. ಅವರು ಓದಲಿಲ್ಲ. "ಗೊತ್ತು ಮಾರಾಯ್ತಿ" ಅಂದರು. "ನೀ ಅಂಗಡಿ ಇಡ್ತೀನಿ ಅಂದಾಗ ನಾ ಬೇಡ ಅಂದಿದ್ದು ನೆನ್ಪಿದ್ಯಾ? ಗೌಡರ ಮನೆ ಸೊಸೆ ಬಸ್‌ಸ್ಟ್ಯಾಂಡಲ್ಲಿ ಕೂತು ಗಂಡಸ್ರ ಅಳ್ತೆ ತೆಗಿಯೋದಾ ಅಂದಿದ್ದೆ. ಆ ತಿಂಗ್ಳಿಂದ್ಲೇ ನಿಮ್ಮಪ್ಪ ಬಾಟ್ಲಿ ಹಿಡ್ಕೊಂಡು ಬರಕ್ಕೆ ಶುರು ಮಾಡಿದ್ರು. ನಾ ಒಬ್ನೇ ಕುಡಿಯಕ್ಕೆ ನಾಚ್ಕೋತೀನಿ ಅಂತ ಅವ್ರೂ ಒಂದ್ ಲೋಟ ಇಟ್ಕೊಂಡು ಕೂರೋರು. ಅಂಗ್ಡಿಗೆ ನಾ ಹೂಂ ಅಂದಿದ್ದು ಆಮೇಲೇ."

"ಅಪ್ಪನ ಲೋಟದಲ್ಲಿ ಏನಿರ್ತಿತ್ತು?" ಅಂದೆ.

"ಕರೀ ಕಾಫಿ. ಒಂದ್ಸಲ ಲೋಟ ಅದಲು ಬದಲಾಗಿ ನಾ ಕುಡಿದ್ಬಿಟ್ಟೆ. ಇಬ್ರೂ ಮುಖ ಮುಖ ನೋಡ್ಕೊಂಡ್ವಿ. ಅವ್ರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಮಗೂನ ಎತ್ಕೋಬೇಡಿ ಅಂದಾಗ ನೀವು ಅಲ್ಲೇ ಕೂತಿದ್ರಿ."

"ಕೂತಿದ್ದೆ" ಅಂದರು. ಕಾಳು ಆರಿಸುವುದನ್ನು ನಿಲ್ಲಿಸಿ ಮೊರವನ್ನೇ ನೋಡುತ್ತಿದ್ದರು. ಬೈಯೋಣ ಅಂತ ಬಾಯಿ ತೆರೆದವಳು ನಿಮ್ಮ ಪತ್ರ ಮಡಚಿದೆ. ಅವರನ್ನು ಬೈಯಲು ನಾನು ಯಾವ ದೊಡ್ಡ ಮನುಷ್ಯಳು? ಅವರಿಗೆ ಗೊತ್ತಿದ್ದೂ ಸುಮ್ಮನಿದ್ದರು. ನಾನು ಗೊತ್ತಿಲ್ಲದೆಯೇ ಮಗುವನ್ನು ಕಿತ್ತುಕೊಂಡೆ. ಅಂಗಡಿ ನನ್ನ ಹಟದಿಂದ ಆಯಿತು ಅಂತ ಇಷ್ಟು ದಿನ ಮೆರೆದೆ. ಬಂದವರಿಗೆಲ್ಲ ಹೇಳಿಕೊಂಡಿದ್ದೇನೆ. ವರ್ಷದ ಕಾರ್ಯದಲ್ಲಿ ನೆಂಟರ ಮಧ್ಯೆ ನಿಂತು "ನಮ್ಮಪ್ಪನಿಗೆ ರಮ್ಮಿದ್ರೆ ಸ್ವರ್ಗಾನೂ ಬೇಡ" ಅಂತ ನಗಿಸಿದ್ದೆ. ಅಮ್ಮ ಆಗ ಒಳಗೆ ಎದ್ದು ಹೋಗಿದ್ದರು. ಯಾಕೆ ಹೋದರು ಅಂತ ಈಗ ಅರ್ಥವಾಗುತ್ತಿದೆ.

ಅಮಾವಾಸ್ಯೆ ಹತ್ತಿರ ಬಂತು. ಅಪ್ಪ ಇಷ್ಟಪಟ್ಟು ತಿಂದದ್ದು ಒಂದೇ ಒಂದು ಪದಾರ್ಥ ಹೇಳಿ ದೊಡ್ಡಪ್ಪ. ಸೊಪ್ಪಾಗಲಿ, ಉಪ್ಪಿನಕಾಯಾಗಲಿ. ಮೊದಲನೇ ಎಡೆಗೆ ಬಂದು ಅವರು ಹಸಿದು ಹೋದರೆ ನಾನು ಹೇಗೆ ಮುಖ ತೋರಿಸಲಿ?

ಮೇಘಶ್ರೀ


ಬೈಲಹೊಂಗಲ
23 ಸೆಪ್ಟೆಂಬರ್ 2024

ತಂಗೀ,

ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಅವನು ಬೂಟಿಗೆ ಪಾಲಿಶ್ ಹಾಕುತ್ತಿದ್ದ ರೀತಿ ನೆನಪಿದೆ. ನಿನಗೆ ಜಡೆ ಹಾಕಲು ಬರಬೇಕೆಂದು ರಜೆಗೆ ಹೋಗುವ ಮೊದಲು ಹಗ್ಗದ ಮೇಲೆ ಅಭ್ಯಾಸ ಮಾಡುತ್ತಿದ್ದುದು ನೆನಪಿದೆ. ನಿಮ್ಮ ತಾಯಿಗೆ ಟೈಫಾಯಿಡ್ ಆದ ಸುದ್ದಿ ಬಂದಾಗ ಬಡ್ತಿಯ ಪರೀಕ್ಷೆಯನ್ನು ಬಿಟ್ಟು ಊರಿಗೆ ಓಡಿದ್ದು, ಆಮೇಲೆ ಆ ಬಡ್ತಿ ನನಗೆ ಸಿಕ್ಕಿದ್ದು ನೆನಪಿದೆ. ಏನು ತಿನ್ನುತ್ತಿದ್ದ ಎಂದರೆ ಇಲ್ಲ. ನನ್ನ ತಟ್ಟೆಯಲ್ಲಿ ಏನಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಇಂಥ ಸ್ನೇಹಿತ ನಾನು.

ಒಂದು ಮಾತು ಕೇಳುತ್ತೇನೆ, ಬೇಸರಪಡಬೇಡ. ನಂದನ್‌ನನ್ನು ಕೇಳಿದಿ, ಅವನ ಹೆಂಡತಿಯನ್ನು ಕೇಳಿದಿ, ಮಾವನವರನ್ನು ಕೇಳಿದಿ, ಕಾಣದ ನನ್ನನ್ನೂ ಕೇಳಿದಿ. "ಅಮ್ಮ ಏನೂ ಹೇಳುವುದಿಲ್ಲ" ಎಂದು ಮೊದಲ ಪತ್ರದಲ್ಲಿ ಬರೆದಿದ್ದೀಯೆ. ಅವರನ್ನು ಕೇಳಿದ್ದೀಯಾ?

ಸಿದ್ದಬಸಪ್ಪ


ಗೋಣಿಬೀಡು
4 ಅಕ್ಟೋಬರ್ 2024

ದೊಡ್ಡಪ್ಪನವರಿಗೆ,

ಕೇಳಿರಲಿಲ್ಲ. ಕೇಳಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಹಬ್ಬದ ಹಿಂದಿನ ದಿನ ಇಲ್ಲಿಗೆ ಬಂದೆ. ಅಮ್ಮ ಒಲೆ ಮುಂದೆ ಕೂತು ಕಡುಬಿಗೆ ಅಕ್ಕಿತರಿ ಹುರಿಯುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ. ಅಮ್ಮ ಸೌಟು ಆಡಿಸುವುದನ್ನು ಬಿಡಲಿಲ್ಲ.

"ನಂಗೂ ಗೊತ್ತಿಲ್ಲ ಮಗಾ" ಅಂದರು. "ಹೇಳಕ್ಕೆ ನಾಚ್ಕೆ ಆಗುತ್ತೆ, ಅದ್ಕೇ ಸುಮ್ನಿದ್ದೆ. ಮದ್ವೆ ಆದಾಗಿಂದ ಕೇಳಿದ್ದೀನಿ, ಏನ್ ಮಾಡ್ಲಿ, ಏನಿಷ್ಟ ಅಂತ. 'ಮಕ್ಳದ್ದಾಯ್ತಾ?' ಅನ್ನೋರು. ಅದೇ ಉತ್ರ. ಅವ್ರಿಗೆ ಅಂತ ತೆಗ್ದಿಟ್ಟಿದ್ದನ್ನೂ ನಿಮ್ಮ ತಟ್ಟೆಗೇ ಹಾಕೋರು. ಆಮೇಲೆ ಪಾತ್ರೆ ಬಳ್ಕೊಂಡು ಉಂಡು ಏಳೋರು. ಬರ್ತಾ ಬರ್ತಾ ನಾನೂ ಕೇಳೋದು ಬಿಟ್ಟೆ."

ನಾನು ಅಮ್ಮನ ಕೈಯಿಂದ ಸೌಟು ತೆಗೆದುಕೊಂಡು ಹುರಿದೆ. ಇಬ್ಬರೂ ಅತ್ತೆವು, ಮುಚ್ಚಿಡುವುದೇನಿದೆ.

ಅಮಾವಾಸ್ಯೆ ಈ ಸಲ ಗಾಂಧಿ ಜಯಂತಿಯ ದಿನವೇ ಬಿತ್ತು. ಮಾಂಸದ ಅಂಗಡಿಗಳಿಗೆ ಬೀಗ. ನಂದನ್ ಮನೆಯ ಹುಂಜವನ್ನೇ ಹಿಡಿದು ಕೊಯ್ದ. ಕಡುಬು, ಕೋಳಿಸಾರು, ಅನ್ನ, ಅಷ್ಟೇ. ರಮ್ಮು ಇಡಲಿಲ್ಲ. ಅಪ್ಪನ ತಮ್ಮ ಶಂಕರ ಚಿಕ್ಕಪ್ಪ ಬಂದು ಫೋಟೋ ಮುಂದೆ ಎಲೆ ಹಾಸಿ, "ಬಡಿಸ್ರಮ್ಮಾ, ಹೊತ್ತಾಯ್ತು" ಅಂದರು.

ಅಮ್ಮ ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟರು. "ಮೊದ್ಲು ಮಕ್ಳಿಗೆ ಬಡ್ಸಿ."

"ಅತ್ಗೆ, ಏನ್ ಮಾತಾಡ್ತಿದ್ದೀರಾ?" ಅಂದರು ಚಿಕ್ಕಪ್ಪ. "ಹಿರಿಯರಿಗೆ ಎಂಜಲು ಇಡೋದಾ? ನಾಳೆ ಊರೋರು ಏನಂತಾರೆ?"

"ಏನಾದ್ರೂ ಅನ್ಲಿ. ಮಕ್ಳು ಉಣ್ಣದೆ ಎಲೆ ಹಾಕಿದ್ರೆ ಅವ್ರು ಕೂರಲ್ಲ. ಒಂದಿನಾನೂ ಕೂತೋರಲ್ಲ. ಅವ್ರಿಗಿಷ್ಟ ಆಗಿದ್ದು ಅದೊಂದೇ ನಂಗೊತ್ತಿರೋದು."

ಅಮ್ಮ ಚಿಕ್ಕಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಧನ್ಯಾ, ನಂದನ್‌ನ ಇಬ್ಬರು ಹುಡುಗರು ಸಾಲಾಗಿ ಕೂತರು. "ನೀವಿಬ್ರೂ ಕೂತ್ಕೊಳ್ಳಿ, ನೀವೂ ಅವ್ರ ಮಕ್ಳೇ ಅಲ್ವಾ" ಅಂತ ನನ್ನನ್ನೂ ನಂದನ್‌ನನ್ನೂ ಕೂರಿಸಿದರು. ಬೆಳಗಿನಿಂದ ಉಪವಾಸ ಇದ್ದೆವು. ಮೊದಲೆರಡು ತುತ್ತು ಅಪ್ಪನ ಫೋಟೋ ನೋಡುತ್ತ ಉಂಡೆ. ಕಡುಬು ಬಿಸಿಯಾಗಿತ್ತು, ಸಾರು ಅಮ್ಮನ ಕೈಯದ್ದು, ಹೊರಗೆ ಸಣ್ಣಗೆ ಮಳೆ. ನಾಲ್ಕು ತುತ್ತಿನ ನಂತರ ನಾನು ಊಟದಲ್ಲಿ ಮುಳುಗಿಹೋಗಿದ್ದೆ. ಅಮ್ಮ ಸೌಟು ಹಿಡಿದು ಬಂದು "ಹಾಕ್ಲಾ?" ಅಂದರು. ಹೂಂ ಅಂದೆ ದೊಡ್ಡಪ್ಪ. ಯೋಚನೆಯನ್ನೇ ಮಾಡಲಿಲ್ಲ. ನಿಮಗೆ ಇಷ್ಟೆಲ್ಲ ಬರೆದವಳು, ತಟ್ಟೆ ಮುಂದಕ್ಕೆ ತಳ್ಳಿದೆ.

ಎಲ್ಲರೂ ಎದ್ದ ಮೇಲೆ ಅಮ್ಮ ಎಲೆ ಹಾಸಿ, ಎರಡು ಕಡುಬು, ಅನ್ನ ಬಡಿಸಿ, ಪಾತ್ರೆ ಬಗ್ಗಿಸಿದರು. ಅಡಿಯಲ್ಲಿ ಸಾರು ಮಾತ್ರ ಇತ್ತು. ಒಂದು ತುಂಡೂ ಇರಲಿಲ್ಲ. ಚಿಕ್ಕಪ್ಪ ಮುಖ ತಿರುಗಿಸಿಕೊಂಡರು. ನಂದನ್ ಗಾಬರಿಯಾಗಿ, "ಅಮ್ಮಾ, ಇನ್ನೊಂದು ಹಿಡ್ಕೊಂಡು ಬರ್ಲಾ?" ಅಂದ. ಅಮ್ಮ ಬೇಡ ಅಂತ ತಲೆಯಾಡಿಸಿ, ಪಾತ್ರೆಯನ್ನು ಬಳಿದು ಇದ್ದಷ್ಟನ್ನೂ ಅನ್ನದ ಮೇಲೆ ಬಿಟ್ಟು, ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು.

ಕೊನೆಯ ತುಂಡು ಬಂದದ್ದು ನನ್ನ ತಟ್ಟೆಗೆ. ಯಾರೂ ಅನ್ನಲಿಲ್ಲ, ಆದರೆ ನನಗೆ ಗೊತ್ತಿತ್ತು. ಜಗಲಿಯ ಮೇಲೆ ಸಾಲಾಗಿ ನಿಂತಿದ್ದೆವು. ಕೈ ಎಷ್ಟು ತೊಳೆದಿದ್ದರೂ ಸಾರಿನ ವಾಸನೆ ಹೋಗಿರಲಿಲ್ಲ. ಸೆರಗಿನೊಳಗೆ ಇಟ್ಟುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬಾಗಿಲು ತೆಗೆದು ಒಳಗೆ ನೋಡಿ ಬಂದರು. "ಉಂಡ್ರು" ಅಂದರು, ಸಮಾಧಾನವಾಗಿ.

ಮೇಘಶ್ರೀ